29ನೇ ಜಿಲ್ಲೆ ಯಾವುದು?

ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆಯ ಡ್ರಾಪ್‌ಡೌನ್ ಒತ್ತುತ್ತೀರಿ. ಉದ್ದದ ಪಟ್ಟಿ ಇಳಿಯುತ್ತದೆ. ವಿಜಯಪುರ ಕಂಡ ಕೂಡಲೇ ಬೆರಳು ಅಲ್ಲೇ ನಿಲ್ಲುತ್ತದೆ. ಈ ಕೆಲಸವನ್ನು ಪ್ರೋಗ್ರಾಮ್ ಒಂದಕ್ಕೆ ಒಪ್ಪಿಸುವಾಗ, ವಿಜಯಪುರವನ್ನು ಗುರುತಿಸೋದು ಹೇಗೆ ಅಂತಲೂ ನಾವೇ ಹೇಳಿಕೊಡಬೇಕು.

ವೆಬ್‌ಸೈಟ್‌ಗಳನ್ನು ಟೆಸ್ಟ್ ಮಾಡುವವರಿಗೆ ಸೆಲೆನಿಯಂ ಎಂಬ ಸಾಫ್ಟ್‌ವೇರ್ ಹಳೆಯ ಗೆಳೆಯ. 2004ರಲ್ಲಿ ಜೇಸನ್ ಹಗ್ಗಿನ್ಸ್ ಶುರು ಮಾಡಿದ್ದು. ಅದು ನಮ್ಮ ಹಾಗೇ ಬ್ರೌಸರ್ ತೆರೆದು, ಕ್ಲಿಕ್ ಮಾಡಿ, ಟೈಪ್ ಮಾಡಿ ನೋಡುತ್ತದೆ. ಡ್ರಾಪ್‌ಡೌನ್‌ಗೆಂದೇ ಅದರಲ್ಲಿ ಸೆಲೆಕ್ಟ್ ಎಂಬ ಕ್ಲಾಸ್, ಅಂದರೆ ಮೊದಲೇ ಬರೆದಿಟ್ಟ ಕೋಡ್, ಇದೆ. ಪಟ್ಟಿಯಲ್ಲಿ ಎಷ್ಟನೆಯದು ಎಂಬ ಇಂಡೆಕ್ಸ್ ಕೊಡಬಹುದು, ಕಣ್ಣಿಗೆ ಕಾಣುವ ಹೆಸರು ಕೊಡಬಹುದು, ಇಲ್ಲವೇ ಹೆಸರಿನ ಹಿಂದೆ ಪುಟದ ಕೋಡ್‌ನಲ್ಲಿರುವ ವ್ಯಾಲ್ಯೂ ಕೊಡಬಹುದು.

ಇಂಡೆಕ್ಸ್ ಬರೆಯೋದು ಸುಲಭ. ಎಣಿಕೆ ಸೊನ್ನೆಯಿಂದ ಶುರು. 'ಜಿಲ್ಲೆ ಆಯ್ಕೆ ಮಾಡಿ' ಎಂಬ ಮೊದಲ ಸಾಲು ಸೊನ್ನೆ, ಬಾಗಲಕೋಟೆ 1. ಕರ್ನಾಟಕದಲ್ಲಿ 30 ಜಿಲ್ಲೆಗಳಿದ್ದಾಗ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ವಿಜಯಪುರ 29. ಆದರೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಬಂತು. ಪಟ್ಟಿಯಲ್ಲಿ ಅದರ ಜಾಗ ವಿಜಯಪುರಕ್ಕಿಂತ ಒಂದು ಸಾಲು ಮೇಲೆ. ಈಗ 29 ಅಂದರೆ ವಿಜಯನಗರ! ಹಳೆಯ ಟೆಸ್ಟ್ ಒಂದು ಎರರ್ ಕೂಡ ಕೊಡದೆ ತಪ್ಪು ಜಿಲ್ಲೆ ಆರಿಸಿ ಮುಂದೆ ಹೋಗುತ್ತದೆ, ಕೊನೆಗೆ 'ಪಾಸ್' ಅನ್ನಲೂಬಹುದು. ಫೇಲ್ ಆಗುವ ಟೆಸ್ಟ್‌ಗಿಂತ ಇಂಥದ್ದನ್ನು ಕಂಡರೆ ನನಗೆ ಜಾಸ್ತಿ ಭಯ.

ಹೆಸರು ಹಿಡಿದು ಹೋದರೆ? 2014ರ ನವೆಂಬರ್ 1ರಂದು ಬಿಜಾಪುರ ಹೋಗಿ ವಿಜಯಪುರ ಆಯಿತು. ಪಟ್ಟಿ ತಿದ್ದಿದ ದಿನ, ಬಿಜಾಪುರ ಹುಡುಕುವ ಟೆಸ್ಟ್ ನಿಂತೇ ಹೋಗುತ್ತದೆ. ಆದರೆ ಆ ಆಯ್ಕೆ ಸಿಗಲಿಲ್ಲ ಅಂತ ಹೇಳಿಯೇ ನಿಲ್ಲುತ್ತದೆ, ಅದೇ ಅಲ್ವಾ ನಮಗೆ ಬೇಕಾದ್ದು? ಜನ ಓದಿ ಆರಿಸುವುದೂ ಹೆಸರನ್ನೇ. ಹಾಗಾಗಿ ನನ್ನ ಮತ ಹೆಸರಿಗೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ತೆರೆಯುವ ಅರ್ಜಿಯಾದರೆ ಮಾತ್ರ ವ್ಯಾಲ್ಯೂ ವಾಸಿ. ಸಾಮಾನ್ಯವಾಗಿ ಭಾಷೆ ಬದಲಾದರೂ ಅದು ಬದಲಾಗುವುದಿಲ್ಲ.

ಎಷ್ಟೋ ಸೈಟ್‌ಗಳ ಡ್ರಾಪ್‌ಡೌನ್, ಪುಟದ ಕೋಡ್‌ನಲ್ಲಿ ಅದಕ್ಕೆಂದೇ ಇರುವ ನಿಜವಾದ ಸೆಲೆಕ್ಟ್ ಟ್ಯಾಗ್ ಆಗಿರುವುದಿಲ್ಲ, ಹಾಗೆ ಕಾಣುವಂತೆ ಕಟ್ಟಿದ ಡಬ್ಬಿಗಳಷ್ಟೇ. ಅಲ್ಲಿ ಸೆಲೆಕ್ಟ್ ಕ್ಲಾಸ್ ನಡೆಯುವುದಿಲ್ಲ. ಡಬ್ಬಿ ಒತ್ತಿ, ಪಟ್ಟಿ ಇಳಿದ ಮೇಲೆ ಬೇಕಾದ ಸಾಲನ್ನು ಒತ್ತಬೇಕು.

ತಾಲ್ಲೂಕಿನ ಪಟ್ಟಿ ಇನ್ನೊಂದು ತಲೆನೋವು. ಜಿಲ್ಲೆ ಆರಿಸಿದ ಮೇಲೆ ಇಂಡಿ, ಸಿಂದಗಿ ಎಲ್ಲ ಸರ್ವರ್‌ನಿಂದ ಬರಬೇಕು. ಸುಮ್ನೆ 5 ಸೆಕೆಂಡ್ ಕಾಯಿಸಿದರೆ ನೆಟ್ ನಿಧಾನವಿದ್ದ ದಿನ ಸಾಲುವುದಿಲ್ಲ. 'ಇಂಡಿ' ಎಂಬ ಸಾಲು ಬರುವ ತನಕ ಕಾಯಿ ಅಂತಲೇ ಬರೆಯಬೇಕು.

ನಾನು ಆರಿಸಿದ ಮೇಲೆ ಇನ್ನೊಂದು ಸಾಲು ಬರೆಯುತ್ತೇನೆ. ಈಗ ಆಯ್ಕೆಯಾಗಿರುವ ಹೆಸರನ್ನು ಪುಟದಿಂದ ಓದಿ, ಅದು ವಿಜಯಪುರವೇ ಅಂತ ಹೋಲಿಸುವ ಸಾಲು. ಅದೊಂದಿದ್ದರೆ ಆ 29 ಅವತ್ತೇ ಸಿಕ್ಕಿಬೀಳುತ್ತಿತ್ತು.