ಫ್ರಿಜ್ಜಿನ ತಂಪಿಗೂ ಜಗ್ಗದ ಲಿಸ್ಟೀರಿಯಾ

ಫ್ರಿಜ್ಜಿನಲ್ಲಿಟ್ಟರೆ ಆಯ್ತು, ಇನ್ನು ಚಿಂತೆಯಿಲ್ಲ ಅಂತ ನಾವೆಲ್ಲ ನಂಬಿಕೊಂಡಿರುತ್ತೇವೆ, ಅಲ್ವಾ? ಕಾಯಿಲೆ ತರುವ ಬಹಳಷ್ಟು ಬ್ಯಾಕ್ಟೀರಿಯಾಗಳ ಮಟ್ಟಿಗೆ ಇದು ಸರಿಯೇ. ತಂಪಿನಲ್ಲಿ ಅವು ಬೆಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಲಿಸ್ಟೀರಿಯಾ ಮೊನೊಸೈಟೋಜಿನಿಸ್ ಹಾಗಲ್ಲ. 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ಒಂದು ಎರಡಾಗಿ, ಎರಡು ನಾಲ್ಕಾಗಿ ಸದ್ದಿಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಅದು ತರುವ ಕಾಯಿಲೆಯೇ ಲಿಸ್ಟೀರಿಯೋಸಿಸ್.

ಕೇಂಬ್ರಿಜ್‌ನ ವಿಜ್ಞಾನಿಗಳು ಸತ್ತ ಮೊಲಗಳಲ್ಲಿ ಈ ಬ್ಯಾಕ್ಟೀರಿಯಾವನ್ನು ಕಂಡು 1926ರಲ್ಲೇ ವಿವರಿಸಿದ್ದರು. ಆದರೆ ಅದು ಊಟದ ಮೂಲಕ ಮನುಷ್ಯರಿಗೆ ಬರುತ್ತದೆ ಅಂತ ಗಟ್ಟಿಯಾಗಿದ್ದು 1981ರಲ್ಲಿ, ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಅಲ್ಲಿ 41 ಪ್ರಕರಣಗಳು ಕಂಡುಬಂದವು. 34 ಪ್ರಕರಣಗಳು ಗರ್ಭಿಣಿಯರು ಮತ್ತು ಆಗಷ್ಟೇ ಹುಟ್ಟಿದ ಕೂಸುಗಳದ್ದೇ. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಹಸಿ ಎಲೆಕೋಸಿನ ಸಲಾಡ್. ಆ ಕೋಸು ಬೆಳೆದ ಹೊಲಕ್ಕೆ ಕುರಿಗೊಬ್ಬರ ಹಾಕಿದ್ದರು, ಆ ಮಂದೆಯ ಕುರಿಗಳಿಗೆ ಇದೇ ಕಾಯಿಲೆ ಬಂದಿತ್ತು. ಕೊಯ್ದ ಕೋಸನ್ನು ಚಳಿಗಾಲವಿಡೀ ತಣ್ಣನೆಯ ಕೊಠಡಿಯಲ್ಲಿ ಇಟ್ಟಿದ್ದರು. ಕೋಸು ಕೆಡಲಿಲ್ಲ, ಲಿಸ್ಟೀರಿಯಾ ಬೆಳೆಯಿತು.

ಗಟ್ಟಿಮುಟ್ಟಾದವರಿಗೆ ಸ್ವಲ್ಪ ಜ್ವರ, ಭೇದಿ ಬಂದು ಹೋಗಬಹುದು. ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರ ಕಥೆ ಬೇರೆ. ಅವರಲ್ಲಿ ಇದು ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಏರಬಹುದು. ಜೋರು ತಲೆನೋವು, ಕತ್ತು ಬಿಗಿಯುವುದು, ಗೊಂದಲ, ನಡೆಯುವಾಗ ಆಯ ತಪ್ಪುವುದು, ಫಿಟ್ಸ್ ಇವೆಲ್ಲ ಆಗ ಕಾಣುತ್ತವೆ. ಹೀಗೆ ತೀವ್ರವಾದಾಗ ಐವರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಗರ್ಭಿಣಿಯರ ವಿಷಯ. ತಾಯಿಗೆ ಸುಮ್ನೆ ಮೈಕೈ ನೋವು, ಸಣ್ಣ ಜ್ವರ, ಅಷ್ಟೇ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಮಾಸನ್ನು (ಪ್ಲಾಸೆಂಟಾ) ದಾಟಿ ಮಗುವನ್ನು ಮುಟ್ಟಿರಬಹುದು. ಗರ್ಭ ಇಳಿದುಹೋಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು.

ಮಾಸನ್ನು ಹೇಗೆ ದಾಟುತ್ತದೆ? ಲಿಸ್ಟೀರಿಯಾ ನಮ್ಮ ಜೀವಕೋಶದ ಒಳಗೇ ನುಗ್ಗುತ್ತದೆ. ಅಲ್ಲಿರುವ ಆಕ್ಟಿನ್ ಅನ್ನೋ ಪ್ರೋಟೀನನ್ನು ತನ್ನ ಬೆನ್ನಿಗೆ ಬಾಲದ ಹಾಗೆ ಕಟ್ಟಿಕೊಳ್ಳುತ್ತದೆ. ಬಾಲ ಬೆಳೆದಂತೆಲ್ಲ ಬ್ಯಾಕ್ಟೀರಿಯಾ ಮುಂದಕ್ಕೆ ತಳ್ಳಿಸಿಕೊಂಡು ಪಕ್ಕದ ಕೋಶಕ್ಕೆ ತೂರುತ್ತದೆ. ಹೊರಗೆ ಕಾಲಿಡುವುದೇ ಇಲ್ಲ, ಹಾಗಾಗಿ ರೋಗಾಣುಗಳನ್ನು ಹಿಡಿಯಲು ಹೊರಗೆ ಕಾಯುತ್ತಿರುವ ಪ್ರತಿಕಾಯಗಳ ಕೈಗೂ ಸಿಗುವುದಿಲ್ಲ.

ತಿಂದದ್ದಕ್ಕೂ ತೀವ್ರ ಲಕ್ಷಣಗಳಿಗೂ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳ ಅಂತರ. ಒಮ್ಮೊಮ್ಮೆ 70 ದಿನ. ಅಷ್ಟು ಹಿಂದೆ ಏನು ತಿಂದೆವು ಅಂತ ಯಾರಿಗೆ ನೆನಪಿರುತ್ತದೆ? ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅದಕ್ಕೆ ಕಾರಣ ಸಂಸ್ಕರಿಸಿದ ಮಾಂಸ ಅಂತ ಪತ್ತೆಯಾಗಲು ತಿಂಗಳುಗಳೇ ಬೇಕಾದವು.

ಶಾಖಕ್ಕೆ ಮಾತ್ರ ಇದು ಸಾಯುತ್ತದೆ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುವ ಪಾಶ್ಚರೀಕರಣವೇ ಸಾಕು. ಫ್ರಿಜ್ಜಿನಿಂದ ತೆಗೆದ ಊಟವನ್ನು ಹಬೆಯಾಡುವಂತೆ ಬಿಸಿಮಾಡಿದರೂ ಆಯ್ತು. ಸೋಂಕು ತಗುಲಿದರೆ ಆಂಪಿಸಿಲಿನ್ ಅನ್ನೋ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ. ಆದರೆ ಮಿದುಳುಪೊರೆಯ ಸೋಂಕಿಗೆ ಸಾಮಾನ್ಯವಾಗಿ ಮೊದಲು ಶುರುಮಾಡುವ ಸೆಫಲೋಸ್ಪೊರಿನ್ ಔಷಧಿಗಳಿಗೆ ಲಿಸ್ಟೀರಿಯಾ ಬಗ್ಗುವುದಿಲ್ಲ. ಅದಕ್ಕೇ ಗರ್ಭಿಣಿಗೋ ವಯಸ್ಸಾದವರಿಗೋ ಕಾರಣವಿಲ್ಲದೆ ಜ್ವರ ಬಂದಾಗ ಡಾಕ್ಟರಿಗೆ ಈ ಅನುಮಾನ ಬೇಗ ಬರಬೇಕು. ಬಂದರೆ, ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಲಿಸ್ಟೀರಿಯಾ ಸಿಕ್ಕಿಬೀಳಬಹುದು.