ಪುನರ್ಪುಳಿ ಸಾರು ಉಂಡರೆ ಹಲ್ಲಿನ ಸೆಟ್ ತುಕ್ಕು ಹಿಡಿಯುತ್ತಾ?

ಪ್ರಶ್ನೆ: ಅಮ್ಮನಿಗೆ ಲೋಹದ ಚೌಕಟ್ಟಿರುವ, ತೆಗೆದು ಹಾಕುವ ಹಲ್ಲಿನ ಸೆಟ್ ಮಾಡಿಸಿದ್ದೇವೆ. ದಿನಾ ಪುನರ್ಪುಳಿ ಸಾರು ಬೇಕು, ಊಟವಾದ ಮೇಲೆ ವೀಳ್ಯವೂ ಬೇಕು. ಲೋಹ ಹಾಳಾಗುತ್ತದೆಯೇ? (ಬದಿಯಡ್ಕದಿಂದ ಒಬ್ಬ ಓದುಗರು)

ಸಾರಿಗೆ ಹೆದರಬೇಡಿ. ರಾತ್ರಿ ಆ ಸೆಟ್ಟನ್ನು ಯಾವುದರಲ್ಲಿ ನೆನೆಹಾಕುತ್ತಾರೆ ಅಂತ ಮೊದಲು ನೋಡಿ.

ಇಂಥ ಚೌಕಟ್ಟು ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂನದು. ಕೋಬಾಲ್ಟ್ ಸುಮಾರು ಶೇ. 60, ಕ್ರೋಮಿಯಂ ಶೇ. 25ರಿಂದ 30, ಜೊತೆಗೆ ಒಂದಿಷ್ಟು ಮಾಲಿಬ್ಡಿನಂ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಗೇಟು ಬೇಗ ಕೆಂಪಾಗುತ್ತದೆ. ಬಾಯಲ್ಲೂ ಉಪ್ಪು, ತೇವ, ಬಿಸಿ ಎಲ್ಲ ಇದೆ, ಅಲ್ವಾ? ಆದರೂ ಸೆಟ್ ಹೊಳೆಯುತ್ತಲೇ ಇರುತ್ತದೆ. ಕಬ್ಬಿಣದ ತುಕ್ಕು ಪುಡಿಯಾಗಿ ಉದುರಿ ಒಳಗಿನದನ್ನೂ ತಿನ್ನುತ್ತದೆ. ಕ್ರೋಮಿಯಂ ಹಾಗಲ್ಲ. ಆಮ್ಲಜನಕ ತಗುಲಿದ ಕೂಡಲೇ ಕೆಲವೇ ನ್ಯಾನೋಮೀಟರ್ ದಪ್ಪದ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೆ ಅಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಉಪ್ಪಿನಿಂದ ಚುಕ್ಕಿ ಚುಕ್ಕಿಯಾಗಿ ತೂತು ಬೀಳದಂತೆ ಮಾಲಿಬ್ಡಿನಂ ಕಾಯುತ್ತದೆ.

ಸಾರಿನ ಹುಳಿ ಬಾಯಲ್ಲಿ ಇರೋದು ಸ್ವಲ್ಪ ಹೊತ್ತು. ಜೊಲ್ಲು ಅದನ್ನು ತೊಳೆದುಬಿಡುತ್ತದೆ. ತೊಂದರೆ ಇರೋದು ಪಕ್ಕದ ಹಲ್ಲನ್ನು ಹಿಡಿದುಕೊಳ್ಳುವ ಕೊಕ್ಕೆಯ ಸಂದಿಯಲ್ಲಿ. ಅಲ್ಲಿ ವೀಳ್ಯದ ಚೂರು, ಅನ್ನದ ಅಗುಳು ಕೂತರೆ ಅದರ ಕೆಳಗೆ ಆಮ್ಲಜನಕ ಹೋಗೋದಿಲ್ಲ, ಪೊರೆ ಸೊರಗುತ್ತದೆ. ಊಟವಾದ ಮೇಲೆ ಸೆಟ್ ತೆಗೆದು ಮೆತ್ತನೆ ಬ್ರಶ್ಶಿನಿಂದ ಉಜ್ಜಿದರೆ ಸಾಕು. (ಅಡಿಕೆ ತೋಟದವರ ಮುಂದೆ ಹೇಳೋದು ಕಷ್ಟ, ಆದರೆ ಅಡಿಕೆಯಿಂದ ಲೋಹಕ್ಕಿಂತ ಜಾಸ್ತಿ ಹಾಳಾಗೋದು ಅಮ್ಮನ ಬಾಯಿಯೇ.)

ನಿಜವಾದ ಶತ್ರು ಬ್ಲೀಚ್. ಕಲೆ ಹೋಗಲಿ ಅಂತ ಬಟ್ಟೆಯ ಬ್ಲೀಚನ್ನು ನೀರಿಗೆ ಹಾಕಿ ಸೆಟ್ ನೆನೆಸುವವರಿದ್ದಾರೆ. ಅದರ ಕ್ಲೋರಿನ್ ಪೊರೆಯನ್ನೇ ಒಡೆಯುತ್ತದೆ, ಲೋಹ ಕಪ್ಪಾಗುತ್ತದೆ. ಸಾದಾ ನೀರಲ್ಲಿಡಿ. ಸೆಟ್ ತೊಳೆಯುವ ಮಾತ್ರೆ ಹಾಕುವುದಾದರೆ ಲೋಹದ ಸೆಟ್ಟಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ.

ಬಾಯಲ್ಲಿ ಲೋಹದ ರುಚಿ ಬರುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಹಳೆಯ ಬೆಳ್ಳಿ ಫಿಲ್ಲಿಂಗ್ ಪಕ್ಕದ ಚಿನ್ನದ ಕ್ಯಾಪಿಗೆ ತಗುಲಿದರೂ ಹಾಗಾಗುತ್ತದೆ. ಜೊಲ್ಲಿನ ಮೂಲಕ ಎರಡರ ನಡುವೆ ಸಣ್ಣ ಕರೆಂಟ್ ಹರಿಯುತ್ತದೆ.

ಮುಂದೆ ಕ್ಯಾಪ್ ಹಾಕಿಸುವುದಾದರೆ ನಿಕಲ್ ಇದೆಯೇ ಅಂತ ಕೇಳಿ, ಕೆಲವರಿಗೆ ಅದರ ಅಲರ್ಜಿ ಇರುತ್ತದೆ. ಅಗ್ಗದ ಕ್ಯಾಪುಗಳಲ್ಲಿ ನಿಕಲ್-ಕ್ರೋಮಿಯಂ ಸಾಮಾನ್ಯ. ಕ್ರೋಮಿಯಂ ಕಮ್ಮಿಯಾದಷ್ಟೂ ನಿಕಲ್ ಜಾಸ್ತಿ ಬಿಡುತ್ತದೆ. ನಕಲಿ ಸರ, ಓಲೆ ಹಾಕಿದರೆ ಅಮ್ಮನಿಗೆ ತುರಿಕೆ ಬರುತ್ತದೆ ಅಂತಾದರೆ ಅದನ್ನೂ ಡಾಕ್ಟರಿಗೆ ಹೇಳಿ.