ಸೊನ್ನೆಗೆ ಬಾರದ ಸೆಕೆಂಡ್ ಮುಳ್ಳು

"ಬಟನ್ ಒತ್ತಿದ್ರೆ ಮುಳ್ಳು ಹನ್ನೆರಡಕ್ಕೆ ಬರ್ತಿಲ್ಲ, ಎರಡು ಗೆರೆ ಆಚೆ ನಿಲ್ಲತ್ತೆ. ಸ್ವಲ್ಪ ತಿರುಗಿಸಿ ಕೊಡಿ, ಅಷ್ಟೇ ಸಾಕು." ಹಳೆಯ ಕ್ರೊನೊಗ್ರಾಫ್, ಅಂದರೆ ಒಳಗೇ ಸ್ಟಾಪ್‌ವಾಚ್ ಇರುವ ವಾಚು, ತರುವವರು ಬಹುತೇಕ ಹೀಗೇ ಹೇಳುತ್ತಾರೆ. ಮುಳ್ಳನ್ನು ತಿರುಗಿಸುವುದು ಎರಡು ನಿಮಿಷದ ಕೆಲಸ ಅಂತ ಅವರ ಲೆಕ್ಕ. ಆದರೆ ಮುಳ್ಳಿಗೆ ನಾನು ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ನಮ್ಮ ಕಡೆ ಇಂಥ ವಾಚುಗಳಲ್ಲಿ ಜಾಸ್ತಿ ಕಾಣುವುದು ಸೀಕೊ 6139. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದದ್ದು, ಈಗ ಮಕ್ಕಳ ಕೈಯಲ್ಲಿರುತ್ತದೆ. 1969ರಲ್ಲಿ ಬಂದ ಈ ಮಷೀನ್ ಜಗತ್ತಿನ ಮೊದಮೊದಲ ಆಟೊಮ್ಯಾಟಿಕ್ ಕ್ರೊನೊಗ್ರಾಫ್‌ಗಳಲ್ಲಿ ಒಂದು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ಗಗನಯಾತ್ರಿ ವಿಲಿಯಂ ಪೋಗ್ ಇದನ್ನೇ ಕಟ್ಟಿಕೊಂಡು ಹೋಗಿದ್ದರು. ಅದಕ್ಕೇ ಹಳದಿ ಡಯಲ್‌ನ ಈ ವಾಚಿಗೆ ಇವತ್ತಿಗೂ ಬೇಡಿಕೆ. ಇದು ಸೆಕೆಂಡಿಗೆ ಆರು ಸಲ ಟಿಕ್ ಅನ್ನುತ್ತದೆ. ಡಯಲ್ ಮೇಲೆ ಒಂದು ಸೆಕೆಂಡ್ ಅಂದರೆ ಆರು ಡಿಗ್ರಿ. ಅಂದರೆ ಮುಳ್ಳು ಒಂದೊಂದು ಟಿಕ್‌ಗೂ ಒಂದು ಡಿಗ್ರಿ ಸರಿಯುತ್ತದೆ. ಅರ್ಧ ಸೆಕೆಂಡ್ ತಪ್ಪಿದರೂ ಕಣ್ಣಿಗೆ ಹೊಡೆಯುವುದು ಅದಕ್ಕೇ.

ಮುಳ್ಳು ಒಂದೇ ಏಟಿಗೆ ಸೊನ್ನೆಗೆ ಹಾರುವುದರ ಗುಟ್ಟು ಡಯಲ್ ಕೆಳಗಿದೆ. ಮುಳ್ಳು ಕೂತಿರುವ ಸಣ್ಣ ಕಂಬಿಗೆ ಹೃದಯದ ಆಕಾರದ ಒಂದು ತುಂಡು ಇರುತ್ತದೆ. ನಾವು ಹಾರ್ಟ್ ಅಂತೀವಿ. ಬಟನ್ ಒತ್ತಿದಾಗ ಹ್ಯಾಮರ್ ಅನ್ನುವ ಸಣ್ಣ ಲಿವರ್ ಬಂದು ಅದರ ಅಂಚಿಗೆ ಬಡಿಯುತ್ತದೆ. ಹಾರ್ಟ್ ಎಲ್ಲೇ ತಿರುಗಿ ನಿಂತಿರಲಿ, ಆ ಏಟಿಗೆ ಜಾರಿ ಜಾರಿ ಅದರ ಎರಡು ಉಬ್ಬುಗಳ ನಡುವಿನ ತಗ್ಗು ಹ್ಯಾಮರ್ ಎದುರಿಗೆ ಬರುತ್ತದೆ. ಎರಡೂ ಉಬ್ಬು ಹ್ಯಾಮರ್‌ಗೆ ತಾಗಿದ ಮೇಲೆ ಮುಂದೆ ಹೋಗಲು ದಾರಿಯಿಲ್ಲ, ಹಾಗಾಗಿ ಪ್ರತಿ ಸಲವೂ ಅದೇ ಜಾಗಕ್ಕೇ ಬಂದು ನಿಲ್ಲುತ್ತದೆ. ಅಡಾಲ್ಫ್ ನಿಕೋಲ್ ಎಂಬಾತ 1844ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇವತ್ತಿನ ಮೆಕ್ಯಾನಿಕಲ್ ಕ್ರೊನೊಗ್ರಾಫ್‌ಗಳಲ್ಲೂ ನಡೆಯುತ್ತಿರುವುದು ಇದೇ.

ಹಾಗಾಗಿ ನೋಡಬೇಕಾದ್ದು ಒಂದೇ: ಹಾರ್ಟ್ ತನ್ನ ಜಾಗಕ್ಕೆ ಬಂದು ಕೂರುತ್ತಿದೆಯಾ ಇಲ್ಲವಾ?

ವಾಚು ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಹತ್ತಾರು ಸಲ ಓಡಿಸಿ, ನಿಲ್ಲಿಸಿ, ಸೊನ್ನೆಗೆ ತಂದು ನೋಡುತ್ತೇನೆ. ಒಮ್ಮೆ ಐದು ಸೆಕೆಂಡಿಗೆ, ಒಮ್ಮೆ ಮೂವತ್ತಕ್ಕೆ, ಒಮ್ಮೆ ಐವತ್ತರ ಹತ್ತಿರ. ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಒತ್ತುತ್ತೇನೆ. ಪ್ರತಿ ಸಲ ಅದೇ ಎರಡು ಗೆರೆ ಆಚೆ ನಿಂತರೆ ಖುಷಿ. ಹಾರ್ಟ್ ಸರಿಯಾಗಿಯೇ ಕೂರುತ್ತಿದೆ, ಮುಳ್ಳನ್ನು ಕೂರಿಸಿದ್ದಷ್ಟೇ ಓರೆ. ಆದರೆ ಒಮ್ಮೆ ಒಂದು ಗೆರೆ, ಇನ್ನೊಮ್ಮೆ ನಾಲ್ಕು ಗೆರೆ ಅಂತ ಬೇರೆ ಬೇರೆ ಕಡೆ ನಿಂತರೆ ಕತೆ ಬೇರೆ. ಮುಳ್ಳು ಕಂಬಿಯ ಮೇಲೆ ಸಡಿಲ ಆಗಿರಬಹುದು. ಹಳೆ ಗ್ರೀಸ್ ಅಂಟಾಗಿ ಹ್ಯಾಮರ್ ಪೂರ್ತಿ ಇಳಿಯದೇ ಇರಬಹುದು. ಸ್ಪ್ರಿಂಗ್ ಸೋತಿರಬಹುದು. ಮೆಲ್ಲಗೆ ಒತ್ತಿದಾಗ ಮಾತ್ರ ತಪ್ಪುತ್ತಿದ್ದರೆ ನನಗೆ ಮೊದಲು ಅನುಮಾನ ಬರುವುದು ಗ್ರೀಸ್ ಮೇಲೆ. ಇಂಥ ವಾಚಿಗೆ ಮುಳ್ಳು ತಿರುಗಿಸಿ ಕೊಟ್ಟರೆ ವಾರದಲ್ಲಿ ವಾಪಸ್ ಬರುತ್ತದೆ. ಅದಕ್ಕೆ ಬೇಕಿರುವುದು ಸರ್ವಿಸ್.

ಕೈಯಿಂದ ಕೀ ಕೊಡುವ ವಾಲ್ಜೂ 7734ರಂಥ ಮಷೀನ್ ಆದರೆ ಹಿಂದಿನ ಮುಚ್ಚಳ ತೆಗೆದ ಕೂಡಲೇ ಹಾರ್ಟ್, ಹ್ಯಾಮರ್ ಎರಡೂ ಎದುರಿಗೇ ಇರುತ್ತವೆ. ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ನೋಡಿದರೆ ಉಬ್ಬುಗಳು ತಾಗಿದ್ದಾವೋ ಇಲ್ಲವೋ ಗೊತ್ತಾಗುತ್ತದೆ. ಸೀಕೊದಲ್ಲಿ ರೋಟರ್, ಅಂದರೆ ಕೈ ಆಡಿದಂತೆ ತಿರುಗಿ ಕೀ ಕೊಡುವ ತುಂಡು, ಅಡ್ಡ ಬರುತ್ತದೆ, ಅಷ್ಟು ಸಲೀಸಲ್ಲ. ಯಾವ ಮಷೀನ್ ಆದರೂ ಒಳಗೆ ಕಾಣುವ ಎಲ್ಲ ಸ್ಕ್ರೂಗೂ ಕೈ ಹಾಕಬಾರದು. ವಾಲ್ಜೂದಲ್ಲಿ ಕೆಲವು ನೋಡಲು ಸ್ಕ್ರೂ ಥರ ಇದ್ದರೂ ಬಿಗಿ ಮಾಡುವುದಕ್ಕಲ್ಲ, ಚಕ್ರದ ಹಲ್ಲುಗಳು ಎಷ್ಟು ಆಳ ಕೂಡಬೇಕು ಅಂತ ಹೊಂದಿಸುವುದಕ್ಕೆ ಇಟ್ಟದ್ದು. ಯಾರೋ ಸುಮ್ನೆ ತಿರುಗಿಸಿ ಬಿಟ್ಟ ವಾಚು ಬಂದರೆ, ಅದನ್ನು ಸರಿ ಮಾಡುವುದು ಮುಳ್ಳಿನ ಕೆಲಸಕ್ಕಿಂತ ದೊಡ್ಡದು.

ಇನ್ನೊಂದು ತಮಾಷೆ ಇದೆ. ಕೆಲವು ಸಲ ಮುಳ್ಳು ಸರಿ ಇರುತ್ತದೆ, ಡಯಲ್ ಓರೆ ಇರುತ್ತದೆ! ನಮ್ಮ ಮಾರುಕಟ್ಟೆಯ ಹಳೆ ವಾಚುಗಳಲ್ಲಿ ಬಣ್ಣ ಬಳಿಸಿದ ಡಯಲ್ ಬಹಳ. ಡಯಲ್ ಹಿಂಬದಿಯಲ್ಲಿ ಅದನ್ನು ಹಿಡಿದಿಡುವ ಸಣ್ಣ ಕಾಲು ಮುರಿದು ಟೇಪ್‌ನಲ್ಲಿ ಅಂಟಿಸಿರುತ್ತಾರೆ. ಹಾಗಾದರೆ ಡಯಲ್ ಒಂದು ಚೂರು ತಿರುಗಿರುತ್ತದೆ. ಕೆಳಗಿನ ಸಣ್ಣ ಡಯಲ್‌ನ ಕಂಬಿ ಅದರ ತೂತಿನ ನಡುವೆ ಇದೆಯಾ, ಒಂದು ಪಕ್ಕಕ್ಕೆ ಒತ್ತಿದೆಯಾ ನೋಡಿದರೆ ಗೊತ್ತಾಗುತ್ತದೆ. ನೋಡುವಾಗ ಒಂದೇ ಕಣ್ಣಲ್ಲಿ, ನೆಟ್ಟಗೆ ಮೇಲಿಂದ ನೋಡಬೇಕು. ಓರೆಯಿಂದ ನೋಡಿದರೆ ಸರಿ ಇರುವ ಮುಳ್ಳೂ ತಪ್ಪಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಮುಳ್ಳು. ಚಿಮಟದಲ್ಲಿ ಹಿಡಿದು ಹನ್ನೆರಡಕ್ಕೆ ತಿರುಗಿಸುವವರಿದ್ದಾರೆ. ಬೇಡ. ಆ ಹೊತ್ತಿಗೆ ಕೆಲಸ ಆದಂತೆ ಕಂಡರೂ ಮುಳ್ಳಿನ ತೂತು ಅಗಲವಾಗುತ್ತದೆ. ಕ್ರೊನೊಗ್ರಾಫ್ ಮುಳ್ಳು ಸಾಮಾನ್ಯ ಸೆಕೆಂಡ್ ಮುಳ್ಳಿಗಿಂತ ಬಿಗಿಯಾಗಿ ಕೂರಬೇಕು, ಯಾಕೆಂದರೆ ಪ್ರತಿ ಸಲ ಸೊನ್ನೆಗೆ ಹಾರಿ ಗಕ್ಕನೆ ನಿಲ್ಲುತ್ತದೆ. ಸಡಿಲ ಆಯ್ತು ಅಂತ ಅಂಟು ಹಾಕುವುದು ಇನ್ನೂ ಕೆಟ್ಟದ್ದು. ಅದರ ಕಂಬಿ ಹಾದುಬರುವುದು ನಿಮಿಷದ ಮುಳ್ಳಿನ ಟೊಳ್ಳು ಕೊಳವೆಯ ಒಳಗಿಂದ. ಅಂಟು ಅಲ್ಲಿಗೆ ಇಳಿದರೆ ಎರಡೂ ಕಚ್ಚಿಕೊಳ್ಳುತ್ತವೆ. ನಾನು ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡೂ ಕಡೆಯಿಂದ ಸಮನಾಗಿ ಮೀಟಿ ಮುಳ್ಳು ಎತ್ತುತ್ತೇನೆ. ತೂತು ಅಗಲವಾಗಿದ್ದರೆ ಆ ಸೆಕೆಂಡ್ ಮುಳ್ಳಿನದೇ ಸಣ್ಣ ಕೊಳವೆಯನ್ನು ಕೂದಲೆಳೆಯಷ್ಟು ಒತ್ತಿ ಬಿಗಿ ಮಾಡುತ್ತೇನೆ. ಜಾಸ್ತಿ ಒತ್ತಿದರೆ ಸೀಳುತ್ತದೆ.

ಕೂರಿಸುವಾಗ ಸೊನ್ನೆಯ ಬಟನ್ ಒತ್ತಿ ಹಿಡಿದೇ ಇರಬೇಕು. ಕೆಲವು ಮಷೀನ್‌ನಲ್ಲಿ ಒತ್ತಿ ಬಿಟ್ಟ ಮೇಲೂ ಹ್ಯಾಮರ್ ಹಾರ್ಟ್ ಮೇಲೇ ಇರುತ್ತದೆ, ಕೆಲವದರಲ್ಲಿ ಹಿಂದೆ ಸರಿಯುತ್ತದೆ. ಒತ್ತಿ ಹಿಡಿದರೆ ಆ ಚಿಂತೆಯೇ ಇಲ್ಲ. ಮೊದಲು ಮುಳ್ಳನ್ನು ಸುಮ್ನೆ ಇಟ್ಟು, ಗೆರೆಗೆ ಹೊಂದಿಸಿ, ಸ್ವಲ್ಪ ಒತ್ತುತ್ತೇನೆ. ಒಂದೆರಡು ಸಲ ಸೊನ್ನೆಗೆ ತಂದು ನೋಡಿ, ಸರಿ ಇದ್ದರೆ ಪೂರ್ತಿ ಒತ್ತುತ್ತೇನೆ. ಆಗ ಕಂಬಿಯ ಕೆಳ ತುದಿ ಕೂತು ತಿರುಗುವ ಸಣ್ಣ ಕಲ್ಲಿಗೆ ಕೆಳಗಿಂದ ಆಸರೆ ಇರಬೇಕು. ಇಲ್ಲದಿದ್ದರೆ ಮುಳ್ಳು ನೆಟ್ಟಗಾದರೂ ಕಲ್ಲು ಜರುಗುತ್ತದೆ. ಮುಳ್ಳಿನ ತುದಿ ಗಾಜಿಗೆ ತಾಗಬಾರದು, ನಿಮಿಷದ ಮುಳ್ಳಿಗೂ ತಾಗಬಾರದು.

ನಿಮ್ಮದು ಬ್ಯಾಟರಿಯ ಕ್ವಾರ್ಟ್ಜ್ ಕ್ರೊನೊಗ್ರಾಫ್ ಆಗಿದ್ದರೆ ಸಾಮಾನ್ಯವಾಗಿ ಇದ್ಯಾವುದೂ ಬೇಡ. ಎಷ್ಟೋ ಮಾಡೆಲ್‌ಗಳಲ್ಲಿ ಕ್ರೌನ್ (ಟೈಮ್ ಹೊಂದಿಸುವ ಗುಂಡಿ) ಹೊರಗೆಳೆದು ಪಕ್ಕದ ಬಟನ್ ಒತ್ತುತ್ತಾ ಹೋದರೆ ಮುಳ್ಳು ಒಂದೊಂದೇ ಹೆಜ್ಜೆ ಸರಿದು ಸೊನ್ನೆಗೆ ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳಿ.

ಹಳೆ ಮೆಕ್ಯಾನಿಕಲ್ ವಾಚನ್ನು ರಿಪೇರಿಯಿಂದ ವಾಪಸ್ ಪಡೆಯುವಾಗ ಅಂಗಡಿಯಲ್ಲೇ ಓಡಿಸಿ, ಮೂರು ನಾಲ್ಕು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ಸೊನ್ನೆಗೆ ತನ್ನಿ. ಒಂದು ಸಲವಾದರೂ ಮೆಲ್ಲಗೆ ಒತ್ತಿ ನೋಡಿ. ಅದರಲ್ಲಿ ಗೆರೆ ತಪ್ಪಿದರೆ ವಾಚನ್ನು ಅಲ್ಲೇ ಬಿಟ್ಟು ಬನ್ನಿ, ಇನ್ನೂ ಕೆಲಸ ಬಾಕಿ ಇದೆ.